ಸೇರುವುದು ಜೀವಶಾಸ್ತ್ರಕ್ಕೆ, ವೇಳಾಪಟ್ಟಿ ಬರೆಯುವುದು ರಸಾಯನಶಾಸ್ತ್ರ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೊ ಕಡೆಯ ಕನ್ನಡದ ಮನೆಗಳಲ್ಲಿ ಮಾರ್ಚ್ ಎಂದರೆ ಫಲಿತಾಂಶದ ತಿಂಗಳು. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಕ್ಕಳಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕ್ಯಾಂಪಸ್‌ಗಳ ಉತ್ತರ ಬರುವ ಕಾಲ ಅದು. ಬಯಸಿದ ಕಡೆಯಿಂದ ಸೀಟು ಸಿಗದಿದ್ದಾಗ, ಅಥವಾ ಸಿಕ್ಕರೂ ಶುಲ್ಕದ ಲೆಕ್ಕ ಕೂಡಿಬರದಿದ್ದಾಗ, ತಗ್ಗಿದ ದನಿಯಲ್ಲಿ ಇನ್ನೊಂದು ಹೆಸರು ಹೊರಬರುತ್ತದೆ: ಕಮ್ಯುನಿಟಿ ಕಾಲೇಜು. ದನಿ ತಗ್ಗಿಸುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಸ್ವಲ್ಪ ಮೈಮರೆತರೂ ಎರಡು ವರ್ಷ ಮೂರಾಗುವ ದಾರಿ ಅದು, ಅದರಲ್ಲೂ ಜೀವಶಾಸ್ತ್ರ ಓದಲು ಹೊರಟವರಿಗೆ. ಹೀಗೆ ಸೇರಿದವರ ವೇಳಾಪಟ್ಟಿಯನ್ನು ನಿರ್ಧರಿಸುವುದು ಜೀವಶಾಸ್ತ್ರವಲ್ಲ, ರಸಾಯನಶಾಸ್ತ್ರ ಎಂಬ ಸಂಗತಿ ಬಹಳ ಜನರಿಗೆ ಗೊತ್ತಾಗುವುದು ಎರಡನೆಯ ವರ್ಷದಲ್ಲಿ. ಅಷ್ಟು ಹೊತ್ತಿಗೆ ತಿದ್ದಿಕೊಳ್ಳಲು ಸಮಯ ಉಳಿದಿರುವುದಿಲ್ಲ.

ಮೊದಲು, ಇದು ಯಾವ ಬಗೆಯ ಕಾಲೇಜು ಎಂಬುದನ್ನು ನೋಡೋಣ. ಕರ್ನಾಟಕದ ಪದವಿ ಕಾಲೇಜೊಂದು ಮೈಸೂರಿನದೋ ಬೆಂಗಳೂರಿನದೋ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿರುತ್ತದೆ. ಪಠ್ಯಕ್ರಮ, ಪರೀಕ್ಷೆ, ಪದವಿ ಪತ್ರ ಎಲ್ಲವೂ ವಿಶ್ವವಿದ್ಯಾಲಯದ್ದೇ. ಕಮ್ಯುನಿಟಿ ಕಾಲೇಜಿಗೆ ಅಂಥ ನಂಟಿಲ್ಲ. ಸ್ಥಳೀಯವಾಗಿ ಚುನಾಯಿತವಾದ ಮಂಡಳಿಯೊಂದು ಅದನ್ನು ನಡೆಸುತ್ತದೆ, ಪಾಠ ಮತ್ತು ಪರೀಕ್ಷೆ ಅದರ ಸ್ವಂತದ್ದು. ನಾಲ್ಕು ವರ್ಷದ ಸ್ನಾತಕ ಪದವಿಯ ಮೊದಲ ಎರಡು ವರ್ಷಗಳನ್ನು ಇಲ್ಲಿ ಓದಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ದಾಟಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರವಾಗಿ ಎರಡನೆಯ ವರ್ಷದ ಎಂಜಿನಿಯರಿಂಗ್‌ಗೆ ಸೇರುವ ಲ್ಯಾಟರಲ್ ಎಂಟ್ರಿ ನಮ್ಮಲ್ಲೂ ಇದೆಯಲ್ಲ, ಅದರ ಹತ್ತಿರದ ನೆಂಟ ಇದು. ವ್ಯತ್ಯಾಸವೆಂದರೆ ಇಲ್ಲಿ ಪ್ರವೇಶ ಪರೀಕ್ಷೆಯಿಲ್ಲ. ಅದರ ಜಾಗದಲ್ಲಿ ಇರುವುದು ಯಾವ ಕೋರ್ಸ್ ಯಾವುದಕ್ಕೆ ಸಮ ಎಂದು ಹೇಳುವ ಒಂದು ದೊಡ್ಡ ಒಪ್ಪಂದದ ಜಾಲ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಅಮೆರಿಕದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು (ಕಮ್ಯುನಿಟಿ ಕಾಲೇಜಿನ ಆಗಿನ ಹೆಸರು ಅದು) 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ 1907ರಲ್ಲಿ ಕಾನೂನು ಮಾಡಿ, 1910ರಲ್ಲಿ ಫ್ರೆಸ್ನೊದಲ್ಲಿ ತನ್ನ ಮೊದಲನೆಯದನ್ನು ತೆರೆಯಿತು. ಇಂದು ರಾಜ್ಯದಲ್ಲಿ ಅವುಗಳ ಸಂಖ್ಯೆ 116. ಆದರೆ ಈ ವ್ಯವಸ್ಥೆಗೆ ಬೆನ್ನೆಲುಬು ಬಂದದ್ದು ಉನ್ನತ ಶಿಕ್ಷಣಕ್ಕಾಗಿ ರಾಜ್ಯ ರೂಪಿಸಿದ 1960ರ ಮಾಸ್ಟರ್ ಪ್ಲಾನ್‌ನಿಂದ. ಆಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, ಅಂದರೆ ಎಲ್ಲರೂ ಯುಸಿ ಎಂದು ಕರೆಯುವ ಸಂಸ್ಥೆಯ, ಅಧ್ಯಕ್ಷರಾಗಿದ್ದವರು ಕ್ಲಾರ್ಕ್ ಕೆರ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೆಯ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಉಳಿದಂತೆ ಬಾಗಿಲು ತಟ್ಟಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು. ಅಲ್ಲಿ ಚೆನ್ನಾಗಿ ಓದಿದವರಿಗೆ ಮೂರನೆಯ ವರ್ಷದಲ್ಲಿ ಮೇಲಿನ ಎರಡರೊಳಗೂ ಜಾಗ. ಯೋಜನೆಯ ಲೆಕ್ಕಾಚಾರವೇ ಹಾಗಿತ್ತು. ಇದನ್ನು ಹಿಂಬಾಗಿಲು ಎನ್ನುವವರು ಈ ಇತಿಹಾಸವನ್ನು ಒಮ್ಮೆ ಓದಬೇಕು. ಮನೆ ಕಟ್ಟುವಾಗಲೇ ನಕ್ಷೆಯಲ್ಲಿ ಬರೆದಿಟ್ಟ ಬಾಗಿಲನ್ನು ಹಿಂಬಾಗಿಲು ಎನ್ನಲಾಗದು.

ಜೀವಶಾಸ್ತ್ರದಲ್ಲೇ ಉದಾಹರಣೆ ಬೇಕೆಂದರೆ ಕ್ರೇಗ್ ವೆಂಟರ್ ಇದ್ದಾರೆ. 2000ನೇ ಇಸವಿಯ ಜೂನ್ 26ರಂದು ಮಾನವ ಜೀನೋಮಿನ ಕರಡು ಸಿದ್ಧವಾಯಿತೆಂದು ಬಿಲ್ ಕ್ಲಿಂಟನ್ ಶ್ವೇತಭವನದಲ್ಲಿ ಘೋಷಿಸಿದಾಗ ಅವರೊಂದಿಗಿದ್ದ ಇಬ್ಬರು ವಿಜ್ಞಾನಿಗಳಲ್ಲಿ ಒಬ್ಬರು ವೆಂಟರ್. ಹೈಸ್ಕೂಲಿನಲ್ಲಿ ಓದಿನ ಕಡೆ ಗಮನವಿಲ್ಲದೆ ಕಾಲ ಕಳೆದ ಹುಡುಗ, ವಿಯೆಟ್ನಾಂ ಯುದ್ಧದಲ್ಲಿ ನೌಕಾಪಡೆಯ ವೈದ್ಯಕೀಯ ಸಹಾಯಕನಾಗಿ ಕೆಲಸ ಮಾಡಿ ಮರಳಿದ ಮೇಲೆ ಸೇರಿದ್ದು ಕಾಲೇಜ್ ಆಫ್ ಸ್ಯಾನ್ ಮಟೇಯೊ ಎಂಬ ಕಮ್ಯುನಿಟಿ ಕಾಲೇಜಿಗೆ. ಅಲ್ಲಿಂದ ಯುಸಿ ಸ್ಯಾನ್ ಡಿಯೇಗೊಗೆ ದಾಟಿ 1972ರಲ್ಲಿ ಜೀವರಸಾಯನಶಾಸ್ತ್ರದ ಪದವಿ, 1975ರಲ್ಲಿ ಪಿಎಚ್‌ಡಿ. ಎಲ್ಲರೂ ವೆಂಟರ್ ಆಗುತ್ತಾರೆಂದು ಹೇಳುತ್ತಿಲ್ಲ. ಯುಸಿಯಿಂದ ನೇರವಾಗಿ ಪದವಿ ಪಡೆದವರೂ ಎಲ್ಲರೂ ಹಾಗಾಗುವುದಿಲ್ಲವಲ್ಲ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಸರಳ. ಕೋರ್ಸಿನ ಗಾತ್ರವನ್ನು ಇಲ್ಲಿ ಯೂನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ರಾಜ್ಯದ ನಿವಾಸಿಗಳಿಗೆ 2012ರಿಂದ ಒಂದು ಯೂನಿಟ್‌ಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ ಮತ್ತು ಪುಸ್ತಕ. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಈ ಯೂನಿಟ್ ಶುಲ್ಕವೇ ಮನ್ನಾ ಆಗುತ್ತದೆ. ಯುಸಿಯಲ್ಲಿ ನಿವಾಸಿಗಳ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು 15 ಸಾವಿರ ಡಾಲರ್. ಮನೆ ಬಾಡಿಗೆ, ಊಟ ಸೇರಿಸಿದರೆ ಅದು ಎರಡು ಪಟ್ಟನ್ನೂ ಮೀರುತ್ತದೆ. ಮನೆಯಲ್ಲೇ ಇದ್ದು ಎರಡು ವರ್ಷ ಓದುವುದರಿಂದ ಉಳಿಯುವುದೆಷ್ಟು ಎಂಬ ಲೆಕ್ಕಕ್ಕೆ ಕ್ಯಾಲ್ಕ್ಯುಲೇಟರ್ ಬೇಕಿಲ್ಲ.

ಸರಪಳಿ

ಈಗ ಮುಖ್ಯ ವಿಷಯಕ್ಕೆ. ಯುಸಿಗೆ ಮೂರನೆಯ ವರ್ಷಕ್ಕೆ ಸೇರಲು 60 ಸೆಮಿಸ್ಟರ್ ಯೂನಿಟ್‌ಗಳು ಬೇಕು. ಹತ್ತು ಹತ್ತು ವಾರದ ಅವಧಿಗಳಲ್ಲಿ ಪಾಠ ನಡೆಯುವ ಕ್ವಾರ್ಟರ್ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ 90. ಕಾಗದದ ಮೇಲೆ ಇದು ನಾಲ್ಕು ಸೆಮಿಸ್ಟರ್‌ಗೆ ಹದಿನೈದರಂತೆ ಅಚ್ಚುಕಟ್ಟಾಗಿ ಕೂರುತ್ತದೆ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಆರಿಸಿಕೊಂಡವರು ಈ ಅರುವತ್ತನ್ನು ಹೆಚ್ಚುಕಡಿಮೆ ಬೇಕಾದ ಕ್ರಮದಲ್ಲಿ ತುಂಬಿಕೊಳ್ಳಬಹುದು. ಜೀವಶಾಸ್ತ್ರದವರಿಗೆ ಆ ಸ್ವಾತಂತ್ರ್ಯವಿಲ್ಲ.

ಯುಸಿಯ ಜೀವಶಾಸ್ತ್ರ ವಿಭಾಗಗಳು ಹೊರಗಿನಿಂದ ಬರುವವರಿಂದ ಸಾಮಾನ್ಯವಾಗಿ ಬಯಸುವುದು ಇಷ್ಟು: ಪ್ರಯೋಗಾಲಯ ಸಹಿತ ಒಂದು ವರ್ಷದ ಜೀವಶಾಸ್ತ್ರ, ಒಂದು ವರ್ಷದ ಸಾಮಾನ್ಯ ರಸಾಯನಶಾಸ್ತ್ರ, ಅದರ ಮೇಲೆ ಸಾವಯವ ರಸಾಯನಶಾಸ್ತ್ರ, ಕ್ಯಾಲ್ಕ್ಯುಲಸ್, ಕೆಲವೆಡೆ ಅದರ ಜೊತೆ ಸಂಖ್ಯಾಶಾಸ್ತ್ರ, ಮತ್ತು ಹಲವೆಡೆ ಭೌತಶಾಸ್ತ್ರ. ಇವುಗಳಲ್ಲಿ ರಸಾಯನಶಾಸ್ತ್ರ ಮಾತ್ರ ಬಿಡಿಸಲಾಗದ ಸರಪಳಿ. ಸಾಮಾನ್ಯ ರಸಾಯನಶಾಸ್ತ್ರದ ಮೊದಲ ಭಾಗ ಮುಗಿಯದೆ ಎರಡನೆಯದಕ್ಕೆ ಹೆಸರು ನೋಂದಾಯಿಸಲು ಗಣಕವ್ಯವಸ್ಥೆಯೇ ಬಿಡುವುದಿಲ್ಲ. ಎರಡನೆಯದು ಮುಗಿಯದೆ ಸಾವಯವದ ಮೊದಲನೆಯದಿಲ್ಲ, ಅದು ಮುಗಿಯದೆ ಸಾವಯವದ ಎರಡನೆಯದಿಲ್ಲ. ಒಂದರ ಹಿಂದೆ ಒಂದರಂತೆ ನಾಲ್ಕು ಸೆಮಿಸ್ಟರ್. ಇರುವುದೂ ನಾಲ್ಕೇ ಸೆಮಿಸ್ಟರ್.

ಅಷ್ಟೇ ಅಲ್ಲ. ಅನೇಕ ಕಾಲೇಜುಗಳಲ್ಲಿ ಜೀವಕೋಶ ಮತ್ತು ಅಣು ಜೀವಶಾಸ್ತ್ರದ ಕೋರ್ಸಿಗೂ ಸಾಮಾನ್ಯ ರಸಾಯನಶಾಸ್ತ್ರದ ಮೊದಲ ಭಾಗವೇ ಪೂರ್ವಶರತ್ತು. ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ, ಪೊರೆಯ ಮೂಲಕ ಅಯಾನು ಹೇಗೆ ದಾಟುತ್ತದೆ ಎಂದು ಕಲಿಸುವಾಗ ಹೈಡ್ರೋಜನ್ ಬಂಧ ಎಂದರೇನು ಎಂಬಲ್ಲಿಂದ ಶುರುಮಾಡಲು ಅಧ್ಯಾಪಕರಿಗೆ ಪುರಸೊತ್ತಿರುವುದಿಲ್ಲ. ಇದರ ಪರಿಣಾಮವೇನೆಂದು ಒಂದು ಮಾದರಿ ವೇಳಾಪಟ್ಟಿಯಲ್ಲಿ ನೋಡಬಹುದು. ಆಗಸ್ಟ್‌ನಲ್ಲಿ ಸೇರಿದ ವಿದ್ಯಾರ್ಥಿನಿ ಮೊದಲ ಸೆಮಿಸ್ಟರ್‌ನಲ್ಲಿ ಸಾಮಾನ್ಯ ರಸಾಯನಶಾಸ್ತ್ರ, ಕ್ಯಾಲ್ಕ್ಯುಲಸ್, ಇಂಗ್ಲಿಷ್ ಬರವಣಿಗೆ ತೆಗೆದುಕೊಳ್ಳುತ್ತಾಳೆ. ಜೀವಶಾಸ್ತ್ರ ಇನ್ನೂ ಇಲ್ಲ. ಜನವರಿಯಲ್ಲಿ ರಸಾಯನಶಾಸ್ತ್ರದ ಎರಡನೆಯ ಭಾಗದ ಜೊತೆ ಮೊದಲ ಜೀವಶಾಸ್ತ್ರ ಬರುತ್ತದೆ. ಎರಡನೆಯ ವರ್ಷದ ಆಗಸ್ಟ್‌ನಲ್ಲಿ ಸಾವಯವ, ಎರಡನೆಯ ಜೀವಶಾಸ್ತ್ರ, ಭೌತಶಾಸ್ತ್ರ. ಆ ಸೆಮಿಸ್ಟರ್ ಮುಗಿಯುವ ಮೊದಲೇ, ನವೆಂಬರ್ ಕೊನೆಯ ಹೊತ್ತಿಗೆ, ಯುಸಿಗೆ ಅರ್ಜಿ ಹೋಗಬೇಕು. ಅಂದರೆ ಜೀವಶಾಸ್ತ್ರ ವಿಭಾಗಕ್ಕೆ ಅರ್ಜಿ ಹಾಕುವ ಹೊತ್ತಿನಲ್ಲಿ ಅವಳ ಅಂಕಪಟ್ಟಿಯಲ್ಲಿ ಮುಗಿದಿರುವ ಜೀವಶಾಸ್ತ್ರದ ಕೋರ್ಸು ಒಂದೇ ಒಂದು! ಆಯ್ಕೆ ಮಾಡುವವರು ಅವಳ ಬಗ್ಗೆ ತಿಳಿದುಕೊಳ್ಳುವುದೆಲ್ಲ ರಸಾಯನಶಾಸ್ತ್ರ ಮತ್ತು ಗಣಿತದ ದರ್ಜೆಗಳಿಂದ. ಜೀವಶಾಸ್ತ್ರ ಇಷ್ಟ, ರಸಾಯನಶಾಸ್ತ್ರ ಹೇಗೋ ತಳ್ಳಿದರಾಯಿತು ಎನ್ನುವ ಧೋರಣೆ ಏಕೆ ದುಬಾರಿ ಎಂಬುದು ಇದರಿಂದ ತಿಳಿಯುತ್ತದೆ.

ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಗಟ್ಟಿಯಾಗಿರದಿದ್ದರೆ ಸರಪಳಿಗೆ ಇನ್ನೊಂದು ಕೊಂಡಿ ಮುಂದುಗಡೆಯೇ ಸೇರಿಕೊಳ್ಳುತ್ತದೆ: ಪ್ರವೇಶಿಕೆಯ ರಸಾಯನಶಾಸ್ತ್ರ. ಆಗ ಸೆಮಿಸ್ಟರ್ ಐದಾಯಿತು. ಯುಸಿಯ ಹೆಚ್ಚಿನ ಕ್ಯಾಂಪಸ್‌ಗಳು ಟ್ರಾನ್ಸ್‌ಫರ್ ವಿದ್ಯಾರ್ಥಿಗಳನ್ನು ಶರತ್ಕಾಲದಲ್ಲಿ ಮಾತ್ರ ಸೇರಿಸಿಕೊಳ್ಳುವುದರಿಂದ ಐದು ಸೆಮಿಸ್ಟರ್ ಎಂದರೆ ಪ್ರಾಯೋಗಿಕವಾಗಿ ಮೂರು ವರ್ಷ. ಇನ್ನು ಸಣ್ಣ ಕಾಲೇಜುಗಳಲ್ಲಿ ಸಾವಯವ ರಸಾಯನಶಾಸ್ತ್ರದ ಮೊದಲ ಭಾಗ, ಹಳ್ಳಿಗೆ ದಿನಕ್ಕೊಂದೇ ಬರುವ ಬಸ್ಸಿನಂತೆ, ವರ್ಷಕ್ಕೊಮ್ಮೆ ಮಾತ್ರ. ಆ ಸೆಮಿಸ್ಟರ್ ತಪ್ಪಿಸಿಕೊಂಡರೆ ಪೂರ್ತಿ ಹನ್ನೆರಡು ತಿಂಗಳು ಕಾಯಬೇಕು. ಬೇಸಿಗೆಯಲ್ಲಿ ಆರೆಂಟು ವಾರಕ್ಕೆ ಅಡಕಗೊಳಿಸಿದ ತರಗತಿಗಳಿರುತ್ತವೆ. ಪ್ರವೇಶಿಕೆಯ ಕೋರ್ಸನ್ನು ಹೈಸ್ಕೂಲು ಮುಗಿದ ಬೇಸಿಗೆಯಲ್ಲೇ ತೀರಿಸಿಬಿಡುವುದು ಜಾಣತನ. ಸಾವಯವವನ್ನು ಬೇಸಿಗೆಗೆ ತಳ್ಳುವುದು ಬಹುಮಟ್ಟಿಗೆ ಹುಂಬತನ.

ಸಮಯದ ಲೆಕ್ಕವನ್ನೂ ಸರಿಯಾಗಿ ತಿಳಿದಿರಬೇಕು. ಪಾಠದ ಒಂದು ಯೂನಿಟ್ ಎಂದರೆ ವಾರಕ್ಕೆ ಒಂದು ಗಂಟೆ. ಪ್ರಯೋಗಾಲಯದ ಒಂದು ಯೂನಿಟ್ ಎಂದರೆ ವಾರಕ್ಕೆ ಮೂರು ಗಂಟೆ. ಹಾಗಾಗಿ ಐದು ಯೂನಿಟ್‌ನ ರಸಾಯನಶಾಸ್ತ್ರಕ್ಕೆ ಮೂರು ಗಂಟೆ ಪಾಠ, ಆರು ಗಂಟೆ ಲ್ಯಾಬ್. ಅಂಥವು ಎರಡಿದ್ದರೆ ವಾರಕ್ಕೆ ಹದಿನೆಂಟು ಗಂಟೆ ಕ್ಯಾಂಪಸ್ಸಿನಲ್ಲೇ ಕಳೆಯುತ್ತದೆ. ಮನೆಪಾಠ, ಲ್ಯಾಬ್ ವರದಿ ಬೇರೆ. ವಾರಕ್ಕೆ ಇಪ್ಪತ್ತೈದು ಗಂಟೆ ಅಂಗಡಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ಈ ಗಣಿತ ಹೊಂದುವುದು ಕಷ್ಟ. ಕಮ್ಯುನಿಟಿ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ದುಡಿಯುತ್ತಲೇ ಓದುವವರು ಎಂಬುದನ್ನು ನೆನೆದರೆ, ಎರಡು ವರ್ಷದಲ್ಲಿ ದಾಟಲಾಗದವರನ್ನು ಸೋಮಾರಿಗಳೆಂದು ಕರೆಯಲು ಬಾಯಿ ಬರುವುದಿಲ್ಲ.

ಒಪ್ಪಂದದ ಓದು

ಕಾಲೇಜಿನ ಕೋರ್ಸು ಪಟ್ಟಿಯಲ್ಲಿ ಒಂದು ಕೋರ್ಸಿನ ಪಕ್ಕ ‘ಯುಸಿಗೆ ವರ್ಗಾವಣೆಯಾಗುತ್ತದೆ’ ಎಂದು ಬರೆದಿದ್ದರೆ ಅದರರ್ಥ ಆ ಯೂನಿಟ್‌ಗಳನ್ನು ಯುಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂದಷ್ಟೇ. ನಿಮ್ಮ ವಿಷಯಕ್ಕೆ ಬೇಕಾದ ನಿರ್ದಿಷ್ಟ ಕೋರ್ಸಿನ ಜಾಗದಲ್ಲಿ ಅದು ಕೂರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಆ ಎರಡನೆಯ ಬಗೆಯ ಸಮಾನತೆಗೆ ಆರ್ಟಿಕ್ಯುಲೇಷನ್ ಎನ್ನುತ್ತಾರೆ. ಅದರ ಅಧಿಕೃತ ದಾಖಲೆ ಇರುವುದು ಅಸಿಸ್ಟ್ ಎಂಬ ಜಾಲತಾಣದಲ್ಲಿ. ಯಾವ ವರ್ಷ, ಯಾವ ಕಾಲೇಜಿನಿಂದ, ಯಾವ ಕ್ಯಾಂಪಸ್ಸಿನ ಯಾವ ವಿಷಯಕ್ಕೆ ಎಂದು ಆರಿಸಿದರೆ, ಎಡಗಡೆ ವಿಶ್ವವಿದ್ಯಾಲಯ ಕೇಳುವ ಕೋರ್ಸು, ಬಲಗಡೆ ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು ಬರುತ್ತದೆ. ಬಲಗಡೆ ‘ಸಮಾನ ಕೋರ್ಸ್ ಇಲ್ಲ’ ಎಂದು ಬಂದರೆ ಅದೂ ಒಂದು ಉಪಯುಕ್ತ ಉತ್ತರವೇ.

ಇದನ್ನು ಓದಲು ತಾಳ್ಮೆ ಬೇಕು. ಜೀವಶಾಸ್ತ್ರ ಎಂಬುದು ಯುಸಿಯಲ್ಲಿ ಒಂದೇ ವಿಷಯವಲ್ಲ. ಬರ್ಕ್ಲಿಯಲ್ಲಿ ಮಾಲಿಕ್ಯುಲರ್ ಅಂಡ್ ಸೆಲ್ ಬಯಾಲಜಿ ಒಂದು ವಿಭಾಗ, ಇಂಟಿಗ್ರೇಟಿವ್ ಬಯಾಲಜಿ ಇನ್ನೊಂದು. ಡೇವಿಸ್‌ನಲ್ಲಿ ಜೀವಶಾಸ್ತ್ರಕ್ಕೇ ಒಂದು ಪೂರ್ತಿ ಕಾಲೇಜಿದೆ, ಅದರೊಳಗೆ ಹಲವು ಕವಲು. ಒಂದರ ಪಟ್ಟಿ ಇನ್ನೊಂದರದಲ್ಲ. ನಾಲ್ಕೈದು ಕ್ಯಾಂಪಸ್ಸಿಗೆ ಅರ್ಜಿ ಹಾಕುವವರು ಎಲ್ಲ ಪಟ್ಟಿಗಳನ್ನೂ ಮೊದಲ ಸೆಮಿಸ್ಟರ್ ಆರಂಭವಾಗುವ ಮೊದಲೇ ಒಂದರ ಪಕ್ಕ ಒಂದಿಟ್ಟು, ಎಲ್ಲದರಲ್ಲೂ ಬರುವುದನ್ನು ಮೊದಲು, ಒಂದೆರಡರಲ್ಲಿ ಮಾತ್ರ ಬರುವುದನ್ನು ಆಮೇಲೆ ಎಂದು ಜೋಡಿಸಿಕೊಳ್ಳಬೇಕು. ಡೇವಿಸ್‌ನಲ್ಲಿ ಪರಿಚಯಾತ್ಮಕ ಜೀವಶಾಸ್ತ್ರವನ್ನು ಬಿಐಎಸ್ 2ಎ, 2ಬಿ, 2ಸಿ ಎಂದು ಮೂರು ತುಂಡು ಮಾಡಿದ್ದಾರೆ. ನಿಮ್ಮ ಕಾಲೇಜಿನಲ್ಲಿ ಅದೇ ಸಾಮಗ್ರಿ ಎರಡೇ ಕೋರ್ಸಿನಲ್ಲಿ ಇದ್ದರೆ, ಎರಡನ್ನೂ ಮುಗಿಸಿದಾಗ ಮಾತ್ರ ಆ ಮೂರಕ್ಕೂ ಸಮ ಎಂಬ ಷರತ್ತು ಇರುತ್ತದೆ. ಒಂದನ್ನು ಇಲ್ಲಿ, ಇನ್ನೊಂದನ್ನು ಪಕ್ಕದ ಊರಿನ ಕಾಲೇಜಿನಲ್ಲಿ ಓದಿದರೆ ಎರಡರ ನಡುವೆ ಏನೋ ಒಂದು ತುಣುಕು, ಹೆಚ್ಚಾಗಿ ಸಸ್ಯಗಳದ್ದು, ಬಿಟ್ಟುಹೋಗಿರುತ್ತದೆ. ಸರಣಿಯ ಕೋರ್ಸುಗಳನ್ನು ಒಂದೇ ಕಾಲೇಜಿನಲ್ಲಿ ಮುಗಿಸಿ ಎಂದು ಕೌನ್ಸೆಲರ್‌ಗಳು ಪದೇ ಪದೇ ಹೇಳುವುದು ಇದಕ್ಕೇ.

ಅತ್ಯಂತ ಸಾಮಾನ್ಯವಾದ, ಅತ್ಯಂತ ಸಂಕಟ ಕೊಡುವ ತಪ್ಪು ಇನ್ನೊಂದಿದೆ. ಕಮ್ಯುನಿಟಿ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಮೂರು ಬಗೆಯ ಕೋರ್ಸುಗಳು ಒಂದೇ ಹೆಸರಿನಡಿ ಇರುತ್ತವೆ: ಜೀವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದುವವರಿಗೆ, ಸಾಮಾನ್ಯ ಜ್ಞಾನಕ್ಕಾಗಿ ಓದುವವರಿಗೆ, ಮತ್ತು ನರ್ಸಿಂಗ್ ಮೊದಲಾದ ಆರೋಗ್ಯ ವೃತ್ತಿಗಳಿಗೆ ಹೋಗುವವರಿಗೆ. ಮೂರನೆಯ ಗುಂಪಿನಲ್ಲಿ ಮಾನವ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಬರುತ್ತವೆ. ಮುಂದೆ ಡಾಕ್ಟರಾಗಬೇಕು ಎಂದುಕೊಂಡ ಹುಡುಗ, ಮನೆಯವರ ಹುರುಪಿನ ಜೊತೆ, ಮೊದಲು ಕೈಹಾಕುವುದು ಇವಕ್ಕೇ. ಡಾಕ್ಟರಾಗುವವನಿಗೆ ಅಂಗರಚನೆ ಬೇಡವೇ ಎಂಬ ತರ್ಕ ಸಹಜವೇ. ಆದರೆ ಯುಸಿಯ ಜೀವಶಾಸ್ತ್ರ ಪದವಿಗೆ ಬೇಕಾದ ಪೂರ್ವಸಿದ್ಧತೆಯ ಪಟ್ಟಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಶರೀರಕ್ರಿಯಾಶಾಸ್ತ್ರವನ್ನು ಅಲ್ಲಿ ಮೂರನೆಯ, ನಾಲ್ಕನೆಯ ವರ್ಷದಲ್ಲಿ ಹೊಸದಾಗಿ ಓದಬೇಕಾಗುತ್ತದೆ. ಹತ್ತು ಯೂನಿಟ್ ಕಷ್ಟಪಟ್ಟು ಓದಿದ್ದಕ್ಕೆ ಸಿಗುವುದು ಬರಿಯ ಯೂನಿಟ್. ಅದೇ ಹೊತ್ತಿಗೆ ರಸಾಯನಶಾಸ್ತ್ರದ ಸರಪಳಿ ಒಂದು ಸೆಮಿಸ್ಟರ್ ಹಿಂದೆ ಬಿದ್ದಿರುತ್ತದೆ.

ಇಂಥದೇ ಇನ್ನೊಂದು ಎಡವು ಸಾಮಾನ್ಯ ಶಿಕ್ಷಣದ ಕಂತೆ. ಕಲೆ, ಇತಿಹಾಸ, ಸಮಾಜ ವಿಜ್ಞಾನ ಎಲ್ಲ ಸೇರಿದ ಆ ಪಟ್ಟಿಯನ್ನು ಪೂರ್ತಿ ಮುಗಿಸಿಕೊಂಡು ಬಂದರೆ ವಿಶ್ವವಿದ್ಯಾಲಯದಲ್ಲಿ ಮತ್ತೆ ಓದಬೇಕಿಲ್ಲ. ಹಿಂದೆ ಐಜಿಇಟಿಸಿ ಎನ್ನುತ್ತಿದ್ದರು. 2025ರ ಶರತ್ಕಾಲದಿಂದ ಹೊಸದಾಗಿ ಸೇರುವವರಿಗೆ ಕ್ಯಾಲ್-ಜಿಇಟಿಸಿ. ಒಳ್ಳೆಯದೇ. ಆದರೆ ವಿಜ್ಞಾನದವರು ಇದನ್ನು ಮೊದಲು ಮುಗಿಸಲು ಹೋಗಿ, ವಿಷಯದ ಪೂರ್ವಸಿದ್ಧತೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದರೆ ಕೆಟ್ಟರು. ಚಲನಚಿತ್ರ ಇತಿಹಾಸವನ್ನು ಯುಸಿಗೆ ಹೋದ ಮೇಲೂ ಓದಬಹುದು. ಸಾವಯವ ರಸಾಯನಶಾಸ್ತ್ರವಿಲ್ಲದೆ ಅಲ್ಲಿಗೆ ಹೋಗುವುದೇ ಅನುಮಾನ.

ಲ್ಯಾಬಿನ ಬೆಂಚಿನ ಹತ್ತಿರ

ಇಷ್ಟೆಲ್ಲ ಕಾಗದಪತ್ರದ ಮಾತಿನ ನಡುವೆ ಕಮ್ಯುನಿಟಿ ಕಾಲೇಜಿನ ನಿಜವಾದ ಸೊಗಸು ಮರೆತುಹೋಗಬಾರದು. ಅದು ಕಾಣುವುದು ಲ್ಯಾಬಿನಲ್ಲಿ. ಯುಸಿಯ ಪರಿಚಯಾತ್ಮಕ ಜೀವಶಾಸ್ತ್ರದ ಪಾಠಕ್ಕೆ ಮುನ್ನೂರು ಜನ ಕೂರುವುದು ಮಾಮೂಲು, ಲ್ಯಾಬ್ ನಡೆಸುವುದು ಸ್ನಾತಕೋತ್ತರ ವಿದ್ಯಾರ್ಥಿಗಳು. ಇಲ್ಲಿ ಲ್ಯಾಬಿನಲ್ಲಿ ಇರುವುದೇ ಎರಡು ಡಜನ್ ಆಸುಪಾಸಿನ ವಿದ್ಯಾರ್ಥಿಗಳು, ಪಾಠ ಮಾಡಿದವರೇ ಬೆಂಚಿನಿಂದ ಬೆಂಚಿಗೆ ಓಡಾಡುತ್ತಾರೆ.

ಅನೇಕ ಕಾಲೇಜುಗಳಲ್ಲಿ ಮಾಡಿಸುವ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿ. ಇ. ಕೊಲೈ ಬ್ಯಾಕ್ಟೀರಿಯಾಗಳನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿ, ಪಿಗ್ಲೋ ಎಂಬ ಉಂಗುರಾಕಾರದ ಡಿಎನ್‌ಎ ತುಣುಕನ್ನು ಬೆರೆಸಿ, ಸಣ್ಣ ಕೊಳವೆಯನ್ನು ಮಂಜುಗಡ್ಡೆಯಲ್ಲಿ ಇಡುತ್ತಾರೆ. ಆಮೇಲೆ 42 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 50 ಸೆಕೆಂಡು, ಮತ್ತೆ ತಕ್ಷಣ ಮಂಜಿಗೆ. ಈ ದಿಢೀರ್ ಬಿಸಿಯಲ್ಲಿ ಕೆಲವೇ ಕೆಲವು ಬ್ಯಾಕ್ಟೀರಿಯಾಗಳು ಆ ಡಿಎನ್‌ಎಯನ್ನು ಒಳಗೆ ಎಳೆದುಕೊಳ್ಳುತ್ತವೆ. ಅದರಲ್ಲಿ ಎರಡು ಮುಖ್ಯ ಜೀನುಗಳಿವೆ: ಆಂಪಿಸಿಲಿನ್ ಔಷಧವನ್ನು ತಡೆದುಕೊಳ್ಳುವಂತೆ ಮಾಡುವ ಒಂದು, ಪೆಸಿಫಿಕ್ ಸಾಗರದ ಜೆಲ್ಲಿ ಮೀನಿನಿಂದ ಬಂದ, ಹಸಿರು ಬೆಳಕು ಸೂಸುವ ಪ್ರೋಟೀನಿನ ಇನ್ನೊಂದು. ಮರುದಿನ ನಾಲ್ಕು ತಟ್ಟೆಗಳನ್ನು ನೋಡಬೇಕು. ಡಿಎನ್‌ಎ ಪಡೆಯದವು ಔಷಧವಿಲ್ಲದ ತಟ್ಟೆಯ ತುಂಬ ಹರಡಿರುತ್ತವೆ, ಔಷಧವಿರುವ ತಟ್ಟೆಯಲ್ಲಿ ಒಂದೂ ಇರುವುದಿಲ್ಲ. ಪಡೆದವು ಔಷಧದ ತಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಳೆದಿರುತ್ತವೆ, ಆದರೆ ನೇರಳಾತೀತ ದೀಪದಡಿ ಹಿಡಿದರೂ ಬರೀ ಬಿಳಿ. ನಾಲ್ಕನೆಯ ತಟ್ಟೆಯಲ್ಲಿ ಔಷಧದ ಜೊತೆ ಅರಾಬಿನೋಸ್ ಎಂಬ ಸಕ್ಕರೆಯನ್ನೂ ಹಾಕಿದ್ದಾರೆ. ಅಲ್ಲಿನ ಚುಕ್ಕೆಗಳು ಮಾತ್ರ ಹಸಿರಾಗಿ ಹೊಳೆಯುತ್ತವೆ. ಜೀನು ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ ಎಂಬುದನ್ನು ಪುಸ್ತಕದ ಹತ್ತು ಪುಟ ಹೇಳಿದ್ದಕ್ಕಿಂತ ಚೆನ್ನಾಗಿ ಆ ಎರಡು ತಟ್ಟೆಗಳು ಹೇಳುತ್ತವೆ. ಈ ಹಸಿರು ಪ್ರೋಟೀನಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಪಡೆದ ಮೂವರಲ್ಲಿ ಒಬ್ಬರಾದ ರೋಜರ್ ಚಿಯೆನ್ ಆಗ ಯುಸಿ ಸ್ಯಾನ್ ಡಿಯೇಗೊದಲ್ಲಿದ್ದರು. ಮತ್ತೆ ರಸಾಯನಶಾಸ್ತ್ರ, ಗಮನಿಸಿ.

ಲ್ಯಾಬಿನಲ್ಲಿ ಜನ ಕಡಿಮೆ ಎಂಬ ಈ ಸುಖಕ್ಕೆ ಇನ್ನೊಂದು ಮುಖವೂ ಇದೆ: ಸೀಟುಗಳೂ ಕಡಿಮೆ. ಮುಂದಿನ ಸೆಮಿಸ್ಟರ್‌ಗೆ ಹೆಸರು ನೋಂದಾಯಿಸುವ ಸರದಿ, ಈವರೆಗೆ ಮುಗಿಸಿದ ಯೂನಿಟ್‌ಗಳು ಮತ್ತಿತರ ಆದ್ಯತೆಗಳ ಪ್ರಕಾರ ಬರುತ್ತದೆ. ಹೊಸಬರ ಸರದಿ ಬರುವಷ್ಟರಲ್ಲಿ ರಸಾಯನಶಾಸ್ತ್ರದ ಎಲ್ಲ ವಿಭಾಗಗಳೂ ತುಂಬಿ ಕಾಯುವ ಪಟ್ಟಿ ಉದ್ದವಾಗಿರುತ್ತದೆ. ಆದರೂ ಮೊದಲ ದಿನ ತರಗತಿಗೆ ಹೋಗಿ ನಿಲ್ಲಬೇಕು. ಮೊದಲ ವಾರದಲ್ಲಿ ಬಾರದವರ ಹೆಸರು ಹೊಡೆದುಹಾಕುತ್ತಾರೆ, ನಿಂತವರಿಗೆ ಜಾಗ ಸಿಗುತ್ತದೆ. ನಾಚಿಕೆ ಇದ್ದವರಿಗೆ ಸೀಟಿಲ್ಲ.

ಸೆಪ್ಟೆಂಬರ್, ನವೆಂಬರ್

ಯುಸಿಯ ಸ್ನಾತಕ ಪದವಿ ಕೊಡುವ ಒಂಬತ್ತು ಕ್ಯಾಂಪಸ್‌ಗಳಲ್ಲಿ ಆರು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಝ್, ಒಂದು ಬಗೆಯ ಮುಂಗಡ ಭರವಸೆ ಕೊಡುತ್ತವೆ. ಟ್ಯಾಗ್ ಎನ್ನುತ್ತಾರೆ. ನಿಗದಿತ ಕೋರ್ಸು, ದರ್ಜೆಗಳ ನಿಗದಿತ ಸರಾಸರಿ ಇದ್ದರೆ ಸೀಟು ಖಚಿತ. ಆರರಲ್ಲಿ ಒಂದನ್ನು ಮಾತ್ರ ಆರಿಸಬಹುದು, ಅರ್ಜಿ ಸೆಪ್ಟೆಂಬರ್ ತಿಂಗಳೊಳಗೆ ಹೋಗಬೇಕು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಈ ಭರವಸೆ ಕೊಡುವುದಿಲ್ಲ. ಸಾಮಾನ್ಯ ಅರ್ಜಿಯಲ್ಲಿ ರಾಜ್ಯದ ನಿವಾಸಿಗಳಿಗೆ ಕನಿಷ್ಠ ಸರಾಸರಿ 4ಕ್ಕೆ 2.4, ಹೊರಗಿನವರಿಗೆ 2.8 ಎಂದು ಬರೆದಿರುತ್ತದೆ. ಅದು ಅರ್ಜಿ ಹಾಕಲು ಬೇಕಾದ ಕನಿಷ್ಠ ಮಾತ್ರ; ಜೀವಶಾಸ್ತ್ರದಂಥ ಪೈಪೋಟಿಯ ವಿಷಯದಲ್ಲಿ ಆ ಅಂಕಿಯನ್ನು ನಂಬಿ ಕೂತವರಿಗೆ ಏಪ್ರಿಲ್‌ನಲ್ಲಿ ನಿರಾಸೆ ಕಾದಿರುತ್ತದೆ. ನನ್ನನ್ನು ಕೇಳಿದರೆ ಟ್ಯಾಗ್ ಹಾಕದಿರಲು ಕಾರಣವೇ ಇಲ್ಲ. ಡೇವಿಸ್‌ನ ಖಚಿತ ಸೀಟನ್ನು ಜೇಬಿನಲ್ಲಿಟ್ಟುಕೊಂಡು ಬರ್ಕ್ಲಿಗೂ ಅರ್ಜಿ ಹಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಜೀವಶಾಸ್ತ್ರಕ್ಕೆ ಡೇವಿಸ್ ಬರ್ಕ್ಲಿಗಿಂತ ಕಡಿಮೆ ಎಂಬ ಮಾತನ್ನು ಕೃಷಿ, ಪಶುವೈದ್ಯಕೀಯ, ಸಸ್ಯವಿಜ್ಞಾನ ಬಲ್ಲವರ ಮುಂದೆ ಆಡದಿರುವುದು ಲೇಸು.

ಯುಸಿ ಬೇಡ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಸಾಕು ಎನ್ನುವವರಿಗೆ 2010ರ ಕಾನೂನಿನಿಂದ ಬಂದ, ಎರಡು ವರ್ಷದ ವರ್ಗಾವಣೆಯ ಅಸೋಸಿಯೇಟ್ ಪದವಿ ಇದೆ. ಅದನ್ನು ಪಡೆದವರಿಗೆ ಆ ವ್ಯವಸ್ಥೆಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಜಾಗ ಖಚಿತ. ದಾಟುವುದೇ ಬೇಡ ಎನ್ನುವವರಿಗೂ ಒಂದು ಕಿಟಕಿ ತೆರೆದಿದೆ: ಸ್ಯಾನ್ ಡಿಯೇಗೊ ಜಿಲ್ಲೆಯ ಮಿರಾಕೋಸ್ಟಾ ಕಾಲೇಜು ತಾನೇ ಜೈವಿಕ ಔಷಧ ತಯಾರಿಕೆಯಲ್ಲಿ ಸ್ನಾತಕ ಪದವಿ ಕೊಡುತ್ತದೆ.

ಭಾರತೀಯ ಕುಟುಂಬಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಎಚ್-1ಬಿ ವೀಸಾದವರ ಮಕ್ಕಳು, ಅಂದರೆ ಎಚ್-4ನಲ್ಲಿರುವವರು, ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ನೆಲೆಸಿ ಉಳಿದ ಷರತ್ತುಗಳನ್ನು ಪೂರೈಸಿದರೆ ನಿವಾಸಿಗಳ ಶುಲ್ಕಕ್ಕೆ ಅರ್ಹರಾಗಬಹುದು. ಒಕ್ಕೂಟ ಸರ್ಕಾರದ ಹಣಕಾಸಿನ ನೆರವು ಮಾತ್ರ ಅವರಿಗಿಲ್ಲ. ಆದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಹದಿನೆಂಟಕ್ಕೆ ಕಾಲೇಜಿಗೆ ಸೇರಿದ ಮಗು ಇಪ್ಪತ್ತೊಂದು ತಲುಪುವುದು ದಾಟಿದ ಮೇಲೆ, ಪದವಿಯ ನಡುವೆ. ಆಗ ವಿದ್ಯಾರ್ಥಿ ವೀಸಾವಾದ ಎಫ್-1ಗೆ ಬದಲಾಗಬೇಕು, ಶುಲ್ಕದ ದರ್ಜೆಯ ಪ್ರಶ್ನೆ ಮತ್ತೆ ಏಳುತ್ತದೆ. ಹಸಿರು ಕಾರ್ಡಿನ ಸರದಿಯಲ್ಲಿ ದಶಕಗಟ್ಟಲೆ ನಿಂತಿರುವ ಮನೆಗಳಲ್ಲಿ ಎರಡು ವರ್ಷ ಮೂರಾಗುವುದು ಬರೀ ಓದಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಪಿಯುಸಿ ಮುಗಿಸಿ ನೇರ ಬೆಂಗಳೂರಿನಿಂದ ಎಫ್-1ನಲ್ಲಿ ಬರುವವರ ಲೆಕ್ಕವೇ ಬೇರೆ. ಯೂನಿಟ್‌ಗೆ 46ರ ಮೇಲೆ ಹೊರರಾಜ್ಯದ ಶುಲ್ಕ ಮುನ್ನೂರಕ್ಕೂ ಹೆಚ್ಚು ಡಾಲರ್, ಪ್ರತಿ ಸೆಮಿಸ್ಟರ್ ಕನಿಷ್ಠ 12 ಯೂನಿಟ್ ಕಡ್ಡಾಯ. ದಾಟಿದ ಮೇಲೆ ಯುಸಿಯ ಬೋಧನಾ ಶುಲ್ಕವೊಂದೇ ವರ್ಷಕ್ಕೆ 50 ಸಾವಿರ ಡಾಲರ್ ಮೀರುತ್ತದೆ. ಅಗ್ಗದ ದಾರಿ ಎಂದು ಏಜೆಂಟರು ಹೇಳುವಾಗ ಕೊನೆಯ ಎರಡು ವರ್ಷದ ಈ ಅಂಕಿಯನ್ನು ಕೇಳಿ ತಿಳಿದುಕೊಳ್ಳಿ.

ದಾಟಿದ ಮೇಲೆ

ಬರ್ಕ್ಲಿ ಮತ್ತು ಮರ್ಸೆಡ್ ಬಿಟ್ಟರೆ ಯುಸಿಯ ಉಳಿದ ಕ್ಯಾಂಪಸ್‌ಗಳು ನಡೆಯುವುದು ಕ್ವಾರ್ಟರ್ ಪದ್ಧತಿಯಲ್ಲಿ. ಕಮ್ಯುನಿಟಿ ಕಾಲೇಜುಗಳಲ್ಲಿ ಹೆಚ್ಚಿನವು ಸೆಮಿಸ್ಟರ್‌ನವು. ಕ್ಯುಪರ್ಟಿನೊದ ಡಿ ಆನ್ಜಾ, ಲಾಸ್ ಆಲ್ಟೋಸ್ ಹಿಲ್ಸ್‌ನ ಫುಟ್‌ಹಿಲ್ ಇದಕ್ಕೆ ಅಪವಾದ. ಹದಿನಾರು ವಾರದ ನಡಿಗೆಗೆ ಒಗ್ಗಿದವರು ಹತ್ತು ವಾರದ ಓಟಕ್ಕೆ ಇಳಿದಾಗ ಮೂರನೆಯ ವಾರಕ್ಕೇ ಮೊದಲ ಪರೀಕ್ಷೆ. ಮೊದಲ ಕ್ವಾರ್ಟರ್‌ನಲ್ಲಿ ದರ್ಜೆ ಕುಸಿಯುವುದು ಎಷ್ಟು ಸಾಮಾನ್ಯವೆಂದರೆ ಅದಕ್ಕೆ ಟ್ರಾನ್ಸ್‌ಫರ್ ಶಾಕ್ ಎಂಬ ಹೆಸರೇ ಇದೆ. ಆ ಕ್ವಾರ್ಟರ್‌ನಲ್ಲಿ ಜೀವರಸಾಯನಶಾಸ್ತ್ರ, ತಳಿಶಾಸ್ತ್ರ ಎರಡನ್ನೂ ಒಟ್ಟಿಗೆ ಹೊರುವುದು ಧೈರ್ಯವಲ್ಲ, ದುಡುಕು. ಕಮ್ಯುನಿಟಿ ಕಾಲೇಜಿನ ಸರಾಸರಿ ಯುಸಿಯ ಸರಾಸರಿಗೆ ಸೇರುವುದಿಲ್ಲ, ಯೂನಿಟ್ ಮಾತ್ರ ಬರುತ್ತದೆ, ದರ್ಜೆಗಳ ಲೆಕ್ಕ ಸೊನ್ನೆಯಿಂದ ಶುರು. ಹಾಗಾಗಿ ಮೊದಲ ಕ್ವಾರ್ಟರ್‌ನ ಒಂದೇ ಒಂದು ‘ಸಿ’ ಬಹಳ ಭಾರ ತೂಗುತ್ತದೆ.

ಸಂಶೋಧನೆಯ ಲ್ಯಾಬ್ ಹುಡುಕುವವರಿಗೂ ಸಮಯ ಕಡಿಮೆ. ನೇರವಾಗಿ ಸೇರಿದವರು ಎರಡನೆಯ ವರ್ಷದಲ್ಲೇ ಪ್ರಾಧ್ಯಾಪಕರ ಲ್ಯಾಬಿನಲ್ಲಿ ಪಿಪೆಟ್ ಹಿಡಿದಿರುತ್ತಾರೆ. ಇವರಿಗಿರುವುದು ಒಟ್ಟು ಆರು ಕ್ವಾರ್ಟರ್. ಸೀಟು ಖಚಿತವಾದ ಜೂನ್ ತಿಂಗಳಲ್ಲೇ ಪತ್ರ ಬರೆಯಲು ಶುರುಮಾಡಿದವರಿಗೆ, ಪತ್ರದಲ್ಲಿ ಕಮ್ಯುನಿಟಿ ಕಾಲೇಜಿನ ಲ್ಯಾಬಿನಲ್ಲಿ ತಮ್ಮ ಕೈಯಾರೆ ಮಾಡಿದ್ದನ್ನು ಸ್ಪಷ್ಟವಾಗಿ ಹೇಳಿದವರಿಗೆ, ಅಕ್ಟೋಬರ್ ಹೊತ್ತಿಗೆ ಬೆಂಚು ಸಿಗುವ ಸಂಭವ ಹೆಚ್ಚು.

ವೈದ್ಯಕೀಯದ ಕನಸಿನವರಿಗೆ ಕೊನೆಯದಾಗಿ ಒಂದು ಸಂಗತಿ. ಯುಸಿ ಹಳೆಯ ದರ್ಜೆಗಳನ್ನು ತನ್ನ ಸರಾಸರಿಗೆ ಸೇರಿಸದಿದ್ದರೂ ಅಮೆರಿಕದ ವೈದ್ಯಕೀಯ ಕಾಲೇಜುಗಳ ಅರ್ಜಿಯನ್ನು ಸಂಸ್ಕರಿಸುವ ಆಮ್‌ಕ್ಯಾಸ್ ಎಲ್ಲವನ್ನೂ ಲೆಕ್ಕ ಹಾಕುತ್ತದೆ: ಓದಿದ ಪ್ರತಿ ಕಾಲೇಜು, ಪ್ರತಿ ಕೋರ್ಸು, ಪ್ರತಿ ದರ್ಜೆ. ಕ್ಯಾಲಿಫೋರ್ನಿಯಾದ ನಿಯಮದಂತೆ ‘ಸಿ’ ಬಂದ ಕೋರ್ಸನ್ನು ಸರಾಸರಿ ಏರಿಸಲೆಂದು ಮತ್ತೆ ಓದುವಂತಿಲ್ಲ. ‘ಡಿ’ ಅಥವಾ ‘ಎಫ್’ ಬಂದರೆ ಮಾತ್ರ ಓದಬಹುದು, ಆಗಲೂ ಆಮ್‌ಕ್ಯಾಸ್ ಹಳೆಯದನ್ನೂ ಹೊಸದನ್ನೂ ಎರಡನ್ನೂ ಎಣಿಸುತ್ತದೆ. ಅದಕ್ಕೇ ಐದನೆಯ ವಾರದಲ್ಲಿ ಮುಳುಗುತ್ತಿರುವ ಸೂಚನೆ ಕಂಡರೆ, ಗಡುವಿನೊಳಗೆ ಕೋರ್ಸಿನಿಂದ ಹಿಂದೆ ಸರಿದು ಅಂಕಪಟ್ಟಿಯಲ್ಲಿ ‘ಡಬ್ಲ್ಯು’ ಹಾಕಿಸಿಕೊಳ್ಳುವುದು ‘ಸಿ’ಗಾಗಿ ಒದ್ದಾಡುವುದಕ್ಕಿಂತ ಎಷ್ಟೋ ಸಲ ಮೇಲು. ಹೈಸ್ಕೂಲಿನಲ್ಲಿದ್ದಾಗ, ಬೇಸಿಗೆಯಲ್ಲಿ ಮನೆಯಲ್ಲಿ ಸುಮ್ಮನೆ ಕೂರುವುದು ಬೇಡವೆಂದು ಅಪ್ಪ ಅಮ್ಮ ಒತ್ತಾಯಿಸಿ ಕಮ್ಯುನಿಟಿ ಕಾಲೇಜಿನ ತರಗತಿಗೆ ಸೇರಿಸಿ, ಅರ್ಧ ಮನಸ್ಸಿನಿಂದ ಓದಿದ್ದರ ದರ್ಜೆಯೂ ಈ ಲೆಕ್ಕದಲ್ಲಿ ಸೇರಿರುತ್ತದೆ.